ತೋಡು ಮುಚ್ಚಿದ್ದು ವರುಣನಲ್ಲ

ಮಂಗಳೂರಿನ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ 29 ವರ್ಷ ಕುಳಿತು, ಬೇರೆಯವರು ಬರೆದು ಕಳುಹಿಸಿದ ಸುದ್ದಿಗಳಿಗೆ ಶೀರ್ಷಿಕೆ ಕೊಟ್ಟವಳು ನಾನು. ಹಾಗೆ ಕೊಟ್ಟ ಸಾವಿರಾರು ಶೀರ್ಷಿಕೆಗಳಲ್ಲಿ ಈಗ ನೆನಪಿರುವುದು ಬೆರಳೆಣಿಕೆಯಷ್ಟು. ಅವುಗಳಲ್ಲಿಯೂ ಒಂದನ್ನು ನಾನಾಗಿ ನೆನಪಿಟ್ಟುಕೊಂಡದ್ದಲ್ಲ. ಮರೆಯಲು ಓದುಗರೊಬ್ಬರು ಬಿಡಲಿಲ್ಲ. ತೊಂಬತ್ತರ ದಶಕದ ಒಂದು ಜೂನ್ ತಿಂಗಳು. ಒಂದೇ ರಾತ್ರಿಯ ಮಳೆಗೆ ನಗರದಂಚಿನ ಕೆಲವು ಮನೆಗಳಿಗೆ ನೀರು ನುಗ್ಗಿತ್ತು. ಬಿಡಿ ಸುದ್ದಿಗಾರರು ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಂಡು, ಪುಟ ಮುಗಿಸುವ ಅವಸರದಲ್ಲಿ, ಅಂಥ ಸುದ್ದಿಗೆ ಎಲ್ಲರೂ ಕೊಡುವ ಶೀರ್ಷಿಕೆಯನ್ನೇ ನಾನೂ ಕೊಟ್ಟೆ: 'ವರುಣನ ಆರ್ಭಟ: ತಗ್ಗು ಪ್ರದೇಶ ತತ್ತರ'. ತ, ತ, ತ ಎಂದು ಮೂರು ಕಡೆ ಪ್ರಾಸ ಬಂದದ್ದಕ್ಕೆ ಸ್ವಲ್ಪ ಹೆಮ್ಮೆಯನ್ನೂ ಪಟ್ಟಿರಬೇಕು.

ಮರುದಿನ ಮಧ್ಯಾಹ್ನ ಡೆಸ್ಕಿಗೆ ಫೋನ್ ಬಂತು. ವಯಸ್ಸಾದವರ ದನಿ, ಅವಸರವಿಲ್ಲ, ಸಿಟ್ಟೂ ಇಲ್ಲ. "ಇವತ್ತಿನ ಪೇಪರಿನಲ್ಲಿ ನಮ್ಮ ಕಡೆ ನೀರು ಬಂದ ಸುದ್ದಿ ಉಂಟಲ್ಲ, ಅದರ ಹೆಡ್ಡಿಂಗ್ ಬರೆದವರು ಯಾರು?" ಎಂದು ಕೇಳಿದರು. ನಾನೇ ಎಂದೆ. "ಚಂದ ಉಂಟು ಅಮ್ಮ. ಆದರೆ ವರುಣ ಎಂತ ಮಾಡಿದ ಮಾರಾಯ್ರೆ? ಅವನು ಪ್ರತಿ ವರ್ಷ ಬರುವವನೇ. ನನ್ನ ತಂದೆಯ ಕಾಲದಲ್ಲಿಯೂ ಬರುತ್ತಿದ್ದ, ಬೈಲಿನ ಗದ್ದೆಗಳಲ್ಲಿ ಇಳಿದು ತೋಡಿನ ಕಾಲುವೆಯಲ್ಲಿ ಹೋಗುತ್ತಿದ್ದ. ಈಗ ಬೈಲಿಗೆ ಮಣ್ಣು ತುಂಬಿಸಿ ತೋಡು ಮುಚ್ಚಿದ್ದಾರೆ. ಅವನು ನಮ್ಮ ಮನೆಯೊಳಗೆ ಬಂದ, ಹೋಗಲಿಕ್ಕೆ ದಾರಿ ಇಲ್ಲ ಅಂತ. ಮುಚ್ಚಿದವರ ಹೆಸರು ಹಾಕಲಿಕ್ಕೆ ನಿಮಗೆ ಕಷ್ಟ ಇರಬಹುದು, ಅದು ನನಗೆ ಗೊತ್ತಾಗ್ತದೆ. ಆದರೆ ಮುಚ್ಚದವನ ಹೆಸರು ಎಂತಕ್ಕೆ ಹಾಕಿದ್ದು?"

ಏನು ಉತ್ತರ ಕೊಟ್ಟೆನೆಂಬುದು ನೆನಪಿಲ್ಲ. ವರದಿಗಾರರಿಗೆ ಹೇಳುತ್ತೇನೆ ಎಂದೋ, ಓದುಗರ ಪತ್ರ ಬರೆದು ಕಳುಹಿಸಿ ಎಂದೋ ಹೇಳಿರಬೇಕು. ಡೆಸ್ಕಿನಲ್ಲಿ ಕುಳಿತವರು ಹೇಳುವ ಮಾತುಗಳು ಅವೇ. ಪತ್ರ ಬರಲಿಲ್ಲ. ಆದರೆ ಆ ಕೊನೆಯ ಪ್ರಶ್ನೆ ಮಾತ್ರ, ಅಲಂಕಾರಗಳ ಬಗ್ಗೆ ನಾನು ಅದುವರೆಗೆ ಓದಿದ್ದನ್ನೆಲ್ಲ ಮತ್ತೊಮ್ಮೆ ತೆರೆದು ನೋಡುವ ಹಾಗೆ ಮಾಡಿತು. ರೂಪಕವೆಂದರೆ ಮಾತಿಗೆ ತೊಡಿಸುವ ಒಡವೆ ಎಂದು ತಿಳಿದಿದ್ದೆ. ವಾಕ್ಯದಲ್ಲಿ ಕರ್ತೃವಿಗೆಂದು ಒಂದು ಕುರ್ಚಿ ಇರುತ್ತದೆ, ಅದರಲ್ಲಿ ಬೇರೊಬ್ಬನನ್ನು ಕೂರಿಸುವ ಕೆಲಸವನ್ನೂ ಅದು ಮಾಡುತ್ತದೆ ಎಂಬುದು ಹೊಳೆದಿರಲಿಲ್ಲ.

ಮೂರಕ್ಷರದ ದೇವರು

ವರುಣನನ್ನು ನಾವು ಭಕ್ತಿಯಿಂದ ಕರೆತರುತ್ತಿದ್ದೆವೆಂದು ಯಾರೂ ತಿಳಿಯಬಾರದು. ಅವನಿಗಿರುವುದು ಮೂರೇ ಅಕ್ಷರ. ಎರಡು ಕಾಲಂ ಅಗಲದಲ್ಲಿ ಚೆನ್ನಾಗಿ ಕೂರುತ್ತಾನೆ. ಯಮನಿಗೂ ವಿಧಿಗೂ ಎರಡೆರಡು ಅಕ್ಷರ, ಇನ್ನೂ ಅನುಕೂಲ. ಜಾಗ ಹೆಚ್ಚಿದ್ದ ದಿನ ಯಮ 'ಜವರಾಯ'ನಾಗಿ ಅಟ್ಟಹಾಸ ಮಾಡುತ್ತಿದ್ದ. ಬಸ್ಸು ಯಮಸ್ವರೂಪಿಯಾಗುತ್ತಿತ್ತು, ಬೆಲೆ ಗಗನಕ್ಕೇರುತ್ತಿತ್ತು, ಅಸಮಾಧಾನ ಭುಗಿಲೇಳುತ್ತಿತ್ತು. ಹೊಸದಾಗಿ ಸೇರಿದ ಹುಡುಗರು ಒಂದು ತಿಂಗಳಿನಲ್ಲಿ ಇವನ್ನೆಲ್ಲ ಕಲಿತುಬಿಡುತ್ತಿದ್ದರು, ಯಾರೂ ಕಲಿಸುತ್ತಿರಲಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಇದೇ ಊರಿನಲ್ಲಿ ಕಲ್ಲಚ್ಚಿನಲ್ಲಿ ಹೊರತಂದರು. ಆ ನೆನಪಿಗೆ ಪ್ರತಿ ವರ್ಷ ನಡೆಯುವ ಪತ್ರಿಕಾ ದಿನಾಚರಣೆಯಲ್ಲಿ, ಹೊರಗೆ ಆರಿದ್ರಾ ಮಳೆ ಸುರಿಯುತ್ತಿರುವಾಗ, ಲೇಖನಿಯು ಖಡ್ಗಕ್ಕಿಂತ ಹರಿತವೆಂಬ ಮಾತನ್ನು ನಾನು 29 ಸಲವಾದರೂ ಕೇಳಿದ್ದೇನೆ. ಆ ಖಡ್ಗ ಯಾರನ್ನಾದರೂ ಗಾಯಗೊಳಿಸಿದ್ದನ್ನು ಆ ಸಭಾಂಗಣದಲ್ಲಿ ಕಂಡಿಲ್ಲ.

ಇಂಥ ಮಾತುಗಳನ್ನು ಸವಕಲು ಎಂದು ಹೇಳಿ ಕೈತೊಳೆದುಕೊಳ್ಳುವುದು ನಮ್ಮ ವಾಡಿಕೆ. ಸವಕಲು ನಾಣ್ಯವನ್ನು ಅಂಗಡಿಯವನು ತಿರುಗಿಸಿ ನೋಡಿ ಹಿಂದಕ್ಕೆ ಕೊಡುತ್ತಾನೆ. ಸವಕಲು ರೂಪಕವನ್ನು ಮಾತ್ರ ಯಾರೂ ತಿರುಗಿಸಿ ನೋಡುವುದಿಲ್ಲ. ಅದರ ಬಲವಿರುವುದೇ ಅಲ್ಲಿ. ಹೊಸ ರೂಪಕ ಎದುರಾದಾಗ ಓದುವವನು ಒಂದು ಕ್ಷಣ ನಿಲ್ಲುತ್ತಾನೆ, ಒಪ್ಪುತ್ತಾನೆ ಅಥವಾ ಒಪ್ಪದೆ ಮುಂದೆ ಹೋಗುತ್ತಾನೆ. ಹಳೆಯದು ಎದುರಾದಾಗ ಅವನಿಗೆ ಅದು ರೂಪಕವೆಂದೇ ತಿಳಿಯದ ಕಾರಣ ಒಪ್ಪುವ, ಒಪ್ಪದಿರುವ ಪ್ರಶ್ನೆಯೇ ಏಳುವುದಿಲ್ಲ. 'ವರುಣನ ಆರ್ಭಟ' ಎಂದು ಓದಿದ ಯಾರೂ ಆಕಾಶದಲ್ಲಿ ದೇವತೆಯೊಬ್ಬ ಕೂಗುತ್ತಿದ್ದಾನೆಂದು ನಂಬುವುದಿಲ್ಲ, ನಿಜ. ಆದರೆ ಇದು ಮನುಷ್ಯರು ಮಾಡಿದ ಕೆಲಸವಲ್ಲ ಎಂಬಷ್ಟನ್ನು ನಂಬಿರುತ್ತಾರೆ, ನಂಬಿದ್ದೇವೆಂದು ತಿಳಿಯದೆಯೇ.

'ಬಲಿ' ಎಂಬ ಶಬ್ದವನ್ನೇ ನೋಡಬಹುದು. 'ಅಪಘಾತಕ್ಕೆ ಇಬ್ಬರು ಬಲಿ' ಎಂದು ನಾನೇ ಎಷ್ಟು ಸಲ ಬರೆದಿದ್ದೇನೋ. ಬಲಿಯೆಂದರೆ ಏನೆಂದು ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ದೇವಸ್ಥಾನದಲ್ಲಿ ಉತ್ಸವ ಬಲಿಯಿದೆ, ದೈವಕ್ಕೆ ಕೊಡುವ ಕೋಳಿಯಿದೆ. ಅಲ್ಲೆಲ್ಲ ಕೊಡುವವನೊಬ್ಬ ಇರುತ್ತಾನೆ, ಪಡೆಯುವವನೊಬ್ಬ ಇರುತ್ತಾನೆ, ಯಾತಕ್ಕಾಗಿ ಎಂಬುದಕ್ಕೆ ಒಂದು ಹರಕೆಯೋ ಕಟ್ಟಳೆಯೋ ಇರುತ್ತದೆ. ರಸ್ತೆಯ ಬಲಿಯಲ್ಲಿ ಪಡೆಯುವವನ ಹೆಸರು ಮಾತ್ರ ಇದೆ: ಅಪಘಾತ. ಕೊಟ್ಟವರು ಯಾರು? ತಿರುವಿನಲ್ಲಿ ದೀಪ ಹಾಕದವರೇ, ನಿದ್ದೆಗೆಟ್ಟ ಚಾಲಕನಿಗೆ ಮತ್ತೊಂದು ಟ್ರಿಪ್ ಹೊರಿಸಿದವರೇ? ಶಬ್ದವನ್ನು ಪೂರ್ತಿಯಾಗಿ ತೆಗೆದುಕೊಂಡಿದ್ದರೆ ಈ ಪ್ರಶ್ನೆ ತಾನಾಗಿ ಬರುತ್ತಿತ್ತು. ನಾವು ಅರ್ಧ ತೆಗೆದುಕೊಂಡೆವು, ಅದರ ಗಾಂಭೀರ್ಯವನ್ನು ಇಟ್ಟುಕೊಂಡು ಲೆಕ್ಕಾಚಾರವನ್ನು ಬಿಟ್ಟೆವು.

ಪೂರ್ಣಾಂಕ ಬಂದ ಉತ್ತರ

ಶಾಲೆಯಲ್ಲಿ ಅಲಂಕಾರಕ್ಕೆ ನನಗೆ ಯಾವಾಗಲೂ ಪೂರ್ಣಾಂಕ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ನಾಲ್ಕನ್ನು ಬಿಡಿಸಿ ಬರೆದು, ಲಕ್ಷಣ ಹೇಳಿ, ಸಮನ್ವಯ ಮಾಡಿ, ಕೆಳಗೊಂದು ಗೆರೆ ಎಳೆದರೆ ಮುಗಿಯಿತು. ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು, ಇದು ಉಪಮಾಲಂಕಾರ. ಮದಗಜವೇ ಯಾಕೆ, ಗೂಳಿ ಯಾಕಲ್ಲ, ಆನೆಯೆಂದಾಗ ಕೇಳುವವನಿಗೆ ಆ ಇಬ್ಬರ ಮೇಲೆ ಮೂಡುವುದು ಭಯವೇ, ಗೌರವವೇ, ಮದವೇರಿದ ಪ್ರಾಣಿಗೆ ತಪ್ಪು ಹೊರಿಸಲಾಗದು ಎಂಬ ರಿಯಾಯಿತಿಯೇ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ. ಶವಪರೀಕ್ಷೆಯಲ್ಲಿ ಅಂಗಾಂಗಗಳನ್ನು ಬೇರ್ಪಡಿಸಿ ಹೆಸರಿಟ್ಟು, ಈತ ಬದುಕಿದ್ದಾಗ ಏನು ಮಾಡಿಕೊಂಡಿದ್ದ ಎಂಬುದನ್ನು ವಿಚಾರಿಸದೆ ಬಿಟ್ಟ ಹಾಗೆ. ಇದಕ್ಕೆ ನಮ್ಮ ಲಾಕ್ಷಣಿಕರನ್ನು ದೂರುವಂತಿಲ್ಲ. ಕನ್ನಡದ ಮೊದಲ ಲಕ್ಷಣಗ್ರಂಥವೆನಿಸಿದ, 9ನೆಯ ಶತಮಾನದ 'ಕವಿರಾಜಮಾರ್ಗ'ದ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ಮುಖ್ಯವಾಗಿ ಕಾವ್ಯದ ದೋಷಗಳ ವಿಚಾರಕ್ಕೆ ಮೀಸಲು; ಶಬ್ದಾಲಂಕಾರ, ಅರ್ಥಾಲಂಕಾರಗಳು ಅನಂತರ ಬರುತ್ತವೆ. ಮಾತು ಎಲ್ಲಿ ಕೆಡುತ್ತದೆ ಎಂಬುದನ್ನು ತಿಳಿದುಕೊಂಡು ಆಮೇಲೆ ಅಲಂಕಾರಕ್ಕೆ ಬಾ ಎಂಬ ಆ ಕ್ರಮವೇ ಒಂದು ಪಾಠ. ಪಠ್ಯಪುಸ್ತಕ ಮೊದಲ ಮೆಟ್ಟಿಲನ್ನು ಬಿಟ್ಟು ನೇರವಾಗಿ ಮಹಡಿಗೆ ಹೋಯಿತು.

ಉಡುಪಿಯ ಶಾಲೆಯೊಂದರಲ್ಲಿ ವ್ಯಾಯಾಮದ ಮೇಷ್ಟರಾಗಿದ್ದು, 1901ರಲ್ಲಿ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ ನಂದಳಿಕೆಯ ಮುದ್ದಣನಿಗೆ ಈ ವಿಷಯ ನಮಗಿಂತ ಚೆನ್ನಾಗಿ ತಿಳಿದಿತ್ತು. ಅವನ 'ರಾಮಾಶ್ವಮೇಧ'ದಲ್ಲಿ ಕವಿ ಸಂಸ್ಕೃತದ ಭಾರೀ ಮಾತುಗಳನ್ನು ಹೇರತೊಡಗಿದಾಗ ಮನೋರಮೆ ಅದನ್ನು ನೀರಿಳಿಯದ ಗಂಟಲಿಗೆ ಕಡುಬು ತುರುಕಿದ್ದಕ್ಕೆ ಹೋಲಿಸುತ್ತಾಳೆ. ಕಡುಬು ತನ್ನಷ್ಟಕ್ಕೆ ಗಂಟಲಿಗೆ ಇಳಿಯಲು ಹೊರಟದ್ದಲ್ಲ, ತುರುಕುವ ಕೈಯೊಂದಿದೆ, ಆ ಕೈ ಎದುರಿಗೆ ಕುಳಿತ ಗಂಡನದು. ಹೋಲಿಕೆ ನಗಿಸುತ್ತದೆ, ಜೊತೆಗೆ ಆರೋಪಿಯನ್ನೂ ಹಿಡಿದುಕೊಡುತ್ತದೆ. ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಕಡುಬನ್ನು ಬರಿಗಂಟಲಿನಲ್ಲಿ ನುಂಗಲು ಹೋದವರಿಗೆ ಅದು ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತದೆ.

ಲಕ್ಷಣೆಯ ಪಾಠದಲ್ಲಿ ಎಲ್ಲರೂ ಓದಿರುವ ಉದಾಹರಣೆ 'ಗಂಗಾಯಾಂ ಘೋಷಃ', ಗಂಗೆಯಲ್ಲಿ ಹಳ್ಳಿ. ಹರಿಯುವ ನೀರಿನ ಮೇಲೆ ಹಳ್ಳಿ ಇರಲಾರದು, ಆದ್ದರಿಂದ ಮುಖ್ಯಾರ್ಥಕ್ಕೆ, ಅಂದರೆ ಪದದ ನೇರ ಅರ್ಥಕ್ಕೆ, ಬಾಧೆ ಬರುತ್ತದೆ. ಆಗ 'ಗಂಗೆಯ ದಡದಲ್ಲಿ' ಎಂದು ತಿಳಿಯುತ್ತೇವೆ. ದಡ ಎನ್ನದೆ ಗಂಗೆ ಎಂದದ್ದರಿಂದ ಆ ಹಳ್ಳಿಗೆ ನದಿಯ ತಂಪೂ ಪಾವಿತ್ರ್ಯವೂ ಬರುತ್ತವೆ. ನಿವೃತ್ತಳಾಗಿ ಸುವರ್ಣಾ ನದಿಯ ಬಳಿಯ ನಮ್ಮ ಊರಿಗೆ ಬಂದು ನೆಲೆಸಿದ ಮೇಲೆ, 2020ರ ಸೆಪ್ಟೆಂಬರ್ 20ರ ಬೆಳಗ್ಗೆ ಎದ್ದು ಬಾಗಿಲು ತೆರೆದು ನೋಡಿದಾಗ ನನಗೆ ಹೊಳೆದದ್ದು ಈ ಪಾಠವೇ. ಅಂದು ಮುಖ್ಯಾರ್ಥಕ್ಕೆ ಯಾವ ಬಾಧೆಯೂ ಬರಲಿಲ್ಲ.

ಹಗ್ಗ ಹಳತಾದದ್ದು

ಆ ಬೆಳಗ್ಗೆಗೆ ಮತ್ತೆ ಬರುತ್ತೇನೆ. ಅದಕ್ಕೆ ಮೊದಲು, ಹೋಲಿಕೆಯೊಂದು ಕೇಳುಗರ ಮೇಲೆ ಏನು ಮಾಡಬಲ್ಲುದು ಎಂಬುದನ್ನು ನಾನು ಕಣ್ಣಾರೆ ಕಂಡ ರಾತ್ರಿಯ ಮಾತು. ನನಗೆ ಆಗ ಹನ್ನೊಂದೋ ಹನ್ನೆರಡೋ ವಯಸ್ಸು. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿದ ಮೇಲೆ ಮಳೆಗಾಲಕ್ಕೆ ಉಳಿಯುವುದು ತಾಳಮದ್ದಳೆ. ಆಟಿ ತಿಂಗಳ ಒಂದು ರಾತ್ರಿ, ಅಜ್ಜಿಯ ಮನೆಯಿಂದ ಎರಡು ಗದ್ದೆ ಆಚೆ ಇದ್ದ ದೊಡ್ಡ ಮನೆಯ ಚಾವಡಿಯಲ್ಲಿ 'ಕರ್ಣಭೇದನ' ಇತ್ತು. ವೇಷವಿಲ್ಲ, ಕುಣಿತವಿಲ್ಲ, ಚಾಪೆಯ ಮೇಲೆ ಭಾಗವತರು, ಮದ್ದಳೆ, ಚೆಂಡೆ, ಎದುರು ಬದುರಾಗಿ ಪಂಚೆಯುಟ್ಟು ಶಾಲು ಹೊದ್ದ, ಪಾತ್ರಗಳ ಮಾತನ್ನು ಆಡುವ ಇಬ್ಬರು ಅರ್ಥಧಾರಿಗಳು. ಕೃಷ್ಣನ ಅರ್ಥ ಹೇಳುತ್ತಿದ್ದವರು ಪಂಡಿತರು. ಅವರ ಪೀಠಿಕೆಯೇ ಮುಕ್ಕಾಲು ಗಂಟೆ ನಡೆಯಿತೆಂದು ತೋರುತ್ತದೆ. ಉಪಮೆಯ ಮೇಲೆ ಉಪಮೆ, ಕಮಲ, ಚಂದ್ರ, ಕಲ್ಪವೃಕ್ಷ. ಹಿಂದೆ ಕುಳಿತ ಗಂಡಸರು ಎಲೆಯಡಿಕೆಯ ತಟ್ಟೆಯನ್ನು ಆಚೀಚೆ ದಾಟಿಸುತ್ತಿದ್ದರು. ನಾನು ಅಜ್ಜಿಯ ತೊಡೆಗೆ ಒರಗಿ ಅರೆನಿದ್ದೆಯಲ್ಲಿದ್ದೆ.

ನೀನು ಸೂತಪುತ್ರನಲ್ಲ, ಕುಂತಿಯ ಮಗ ಎಂದು ಕೃಷ್ಣ ಹೇಳಿದ. ಕರ್ಣನ ಅರ್ಥಧಾರಿ ಕೂಡಲೇ ಮಾತೆತ್ತಲಿಲ್ಲ. ಅವರು ಅಷ್ಟೇನೂ ಹೆಸರು ಮಾಡಿದವರಲ್ಲ, ಹಗಲು ಹೊತ್ತು ಅಂಗಡಿಯಲ್ಲಿ ಅಕ್ಕಿ ಅಳೆಯುತ್ತಿದ್ದವರು. ಬಹಳ ಹೊತ್ತು ಕೃಷ್ಣನ ಮುಖ ನೋಡಿ, ಸಣ್ಣ ದನಿಯಲ್ಲಿ, "ಕೃಷ್ಣಾ, ಬಾಯಾರಿ ಬಾವಿಯ ಬಳಿಗೆ ಬಂದವನು ನಾನು. ಹಗ್ಗ ಕಡಿದು ಕೊಡಪಾನ ಬಾವಿಗೆ ಬಿದ್ದುಹೋಗಿದೆ. ಇಷ್ಟು ಹೊತ್ತು ಸುಮ್ಮನಿದ್ದವನು ಈಗ ಕಟ್ಟೆಯ ಮೇಲೆ ಕುಳಿತು, ನೀರು ಬಹಳ ಸಿಹಿ ಎಂದು ಹೇಳುತ್ತೀಯಲ್ಲ" ಎಂದರು. ಅಷ್ಟೇ. ಎಲೆಯಡಿಕೆಯ ತಟ್ಟೆ ಇದ್ದಲ್ಲೇ ನಿಂತಿತು. ಮಾಡಿನಿಂದ ಇಳಿಯುವ ನೀರಿನ ಸದ್ದು ಚಾವಡಿಯ ಒಳಗೆ ಕೇಳಿಸಿದ್ದು ಆಗಲೇ. ನಾನು ಎದ್ದು ಕುಳಿತಿದ್ದೆ.

ಮೂರು ಸಾಲಿನ ಆ ಮಾತು ಮುಕ್ಕಾಲು ಗಂಟೆಯ ಕಮಲಗಳಿಂದಾಗದ ಕೆಲಸವನ್ನು ಮಾಡಿದ್ದು ಹೇಗೆ ಎಂದು ಈಗಲೂ ಯೋಚಿಸುತ್ತೇನೆ. ಕೇಳುತ್ತಿದ್ದ ಪ್ರತಿಯೊಬ್ಬರ ಅಂಗಳದಲ್ಲಿಯೂ ಬಾವಿಯಿತ್ತು ಎಂಬುದು ಒಂದು ಕಾರಣ. ಹಗ್ಗ ಕಡಿದ ಕ್ಷಣದಲ್ಲಿ ಕೈ ಹಗುರಾಗುವುದು, ಆಮೇಲೆ ಕೆಳಗಿನಿಂದ ಬರುವ ಸದ್ದು, ಪಾತಾಳಗರಡಿ ತರಲು ಯಾರ ಮನೆಗೆ ಓಡಬೇಕೆಂಬ ಚಿಂತೆ, ಇವೆಲ್ಲ ಅವರ ಮೈಗೆ ಗೊತ್ತಿದ್ದವು. ಕರ್ಣನ ದುಃಖವನ್ನು ಅವರು ಊಹಿಸಿಕೊಳ್ಳಬೇಕಾಗಿ ಬರಲಿಲ್ಲ, ತಮ್ಮ ಅಂಗೈಯಿಂದ ತೆಗೆದುಕೊಂಡರೆ ಸಾಕಿತ್ತು. ಆದರೆ ಇಷ್ಟನ್ನು ಹೇಳಿ ನಿಲ್ಲಿಸಿದರೆ, ಒಳ್ಳೆಯ ಹೋಲಿಕೆ ಎಂದರೆ ಪರಿಚಿತವಾದ ವಸ್ತುವಿನಿಂದ ತೆಗೆದದ್ದು ಎಂಬಷ್ಟೇ ಆಗುತ್ತದೆ. ಅಜ್ಜಿಯನ್ನು ಕೇಳಿದರೆ ಅದರಲ್ಲಿ ಇನ್ನೂ ಇತ್ತು.

ನಡುರಾತ್ರಿ ಕಳೆದು ಸೂಟೆ ಹಿಡಿದುಕೊಂಡು ಗದ್ದೆಯ ಹುಣಿಯ ಮೇಲೆ ಮನೆಗೆ ಬರುವಾಗ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ನನಗೋ ತನಗೋ ತಿಳಿಯದ ಹಾಗೆ, ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ: "ಹಗ್ಗ ಒಂದೇ ದಿನದಲ್ಲಿ ಹಳತಾಗುವುದಿಲ್ಲ ಮಗಾ. ದಿನಾ ನೀರು ಸೇದುತ್ತಿದ್ದವರಿಗೆ ಗೊತ್ತಿತ್ತು." ಕರ್ಣ ಅರ್ಥ ಹೇಳಿದ ಅಂಗಡಿಯವರು ಹಗ್ಗ ಹಳತಾಗಿತ್ತೆಂದು ಹೇಳಿರಲಿಲ್ಲ. ಅಜ್ಜಿ ಆ ಹೋಲಿಕೆಯ ಒಳಗೆ ಹೋಗಿ, ಹಗ್ಗವನ್ನು ಕೈಯಲ್ಲಿ ಹಿಡಿದು ನೋಡಿ, ಎಳೆ ಎಳೆ ಬಿಟ್ಟುಕೊಂಡಿದ್ದನ್ನು ಕಂಡು, ಕಂಡೂ ಸುಮ್ಮನಿದ್ದವರು ಯಾರು ಎಂದು ಕೇಳುತ್ತಿದ್ದಳು. ಕುಂತಿಗೆ ಗೊತ್ತಿತ್ತು, ಕೃಷ್ಣನಿಗೆ ಗೊತ್ತಿತ್ತು. ಅಕ್ಷರ ಬಾರದ ಅಜ್ಜಿಗೆ ಉಪಮಾನ, ಉಪಮೇಯ ಎಂಬ ಶಬ್ದಗಳು ತಿಳಿದಿರಲಿಲ್ಲ. ಆ ಹೋಲಿಕೆ ಮುಗಿದ ಮೇಲೂ ಅದರೊಳಗೆ ನಡೆಯಲು ಜಾಗವಿದೆ ಎಂಬುದು ತಿಳಿದಿತ್ತು. ನನ್ನ 'ವರುಣನ ಆರ್ಭಟ'ದ ಒಳಗೆ ಹಾಗೆ ನಡೆಯಲು ಹೊರಟರೆ ಎರಡು ಹೆಜ್ಜೆಗೆ ಗೋಡೆ ಸಿಗುತ್ತದೆ. ವರುಣ ಯಾಕೆ ಆರ್ಭಟಿಸಿದ? ಆರ್ಭಟಿಸುವುದು ಅವನ ಸ್ವಭಾವ. ಅಲ್ಲಿಗೆ ಮುಗಿಯಿತು. ಹೋಲಿಕೆಯ ಗುಣವನ್ನು ಅಳೆಯಲು ಆ ಮೇಲೆ ನಾನು ಬಳಸಿದ ಅಳತೆ ಇದು: ಇದರೊಳಗೆ 'ಯಾರು' ಎಂಬ ಪ್ರಶ್ನೆಯನ್ನು ಕೇಳಲು ಸಾಧ್ಯವೇ?

ಈ ಅಳತೆಗೆ ಸಿಗದ ಒಳ್ಳೆಯ ಮಾತುಗಳು ಇವೆ ಎಂಬುದು ನನಗೆ ತಿಳಿಯದ್ದಲ್ಲ. ಹೊರಡುವಾಗ 'ಹೋಗುತ್ತೇನೆ' ಎನ್ನದೆ 'ಬರುತ್ತೇನೆ' ಎನ್ನುತ್ತೇವೆ. ದೀಪ ಆರಿಸು ಎನ್ನದೆ 'ದೊಡ್ಡದು ಮಾಡು' ಎನ್ನುವ ಮನೆಗಳಿವೆ. ಅವಳಿ ವೀರರಾದ ಕೋಟಿ ಚೆನ್ನಯರು ಸತ್ತರೆಂದು ತುಳುನಾಡಿನಲ್ಲಿ ಯಾರೂ ಹೇಳುವುದಿಲ್ಲ, ಮಾಯವಾದರು ಎನ್ನುತ್ತಾರೆ. ಇವೂ ಏನನ್ನೋ ಮರೆಸುತ್ತವೆ. ಆದರೆ ಹೇಳುವವನೂ ಕೇಳುವವನೂ ಸೇರಿ, ತಿಳಿದೇ ಒಪ್ಪಿಕೊಂಡು ಮರೆಸುವುದು ಬೇರೆ. ಮನೆಯೊಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತವನ ತಲೆಯ ಮೇಲಿಂದ ಮರೆಸುವುದು ಬೇರೆ.

ಮುಚ್ಚಿಹೋಗುವುದು

ಅಲಂಕಾರವನ್ನು ತೆಗೆದುಹಾಕಿದರೆ ಸತ್ಯ ಬರಿಮೈಯಲ್ಲಿ ನಿಂತಿರುತ್ತದೆ ಎಂದು ಆ ಫೋನ್ ಕರೆಯ ನಂತರ ಕೆಲವು ವರ್ಷ ನಂಬಿದ್ದೆ. ವರುಣನನ್ನು ನನ್ನ ಪುಟದಿಂದ ಗಡೀಪಾರು ಮಾಡಿ, 'ತೋಡು ಮುಚ್ಚಿಹೋಗಿ ಮನೆಗಳಿಗೆ ನೀರು' ಎಂದು ಬರೆಯತೊಡಗಿದೆ. ಎಷ್ಟು ಸರಳ, ಎಷ್ಟು ನೇರ ಎಂದುಕೊಂಡಿದ್ದೆ. ಆಮೇಲೆ ಗಮನಕ್ಕೆ ಬಂತು: 'ಮುಚ್ಚಿಹೋಗುವುದು' ಎಂಬ ಕ್ರಿಯಾಪದದಲ್ಲಿ ತೋಡು ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. 'ಮುಚ್ಚಲ್ಪಟ್ಟಿದೆ' ಎಂದರೆ ಕಚೇರಿಯ ಕನ್ನಡ, ಕರ್ತೃ ಕಡತದೊಳಗೆ ಅಡಗುತ್ತಾನೆ. 'ಮುಚ್ಚಿದ್ದಾರೆ' ಎಂದರೆ ಯಾರೋ ಇದ್ದಾರೆ, ಆದರೆ ಬಹುವಚನದ ಜನಜಂಗುಳಿಯಲ್ಲಿ ಕರಗಿಹೋಗಿದ್ದಾರೆ. ರೂಪಕದ ಸುಳಿವೇ ಇಲ್ಲದ ಈ ಮೂರು ವಾಕ್ಯಗಳೂ ವರುಣನ ಕೆಲಸವನ್ನೇ ಇನ್ನೂ ನಾಜೂಕಾಗಿ ಮಾಡುತ್ತವೆ. ವರುಣನಾದರೋ ಕಣ್ಣಿಗೆ ಕಾಣುವ ಸುಳ್ಳು. ಫೋನ್ ಮಾಡಿ ಕೇಳಲು ಅವಕಾಶ ಕೊಟ್ಟಿದ್ದ. 'ಮುಚ್ಚಿಹೋಗಿದೆ' ಎಂದು ಬರೆದ ಮೇಲೆ ನನಗೆ ಯಾರೂ ಫೋನ್ ಮಾಡಲಿಲ್ಲ.

ಕಡಲ್ಕೊರೆತದ ಸುದ್ದಿಯಲ್ಲಿಯೂ ಇದೇ ಕಥೆ. 'ಮನೆಯನ್ನು ನುಂಗಿದ ಕಡಲು' ಎಂದು ಪ್ರತಿ ಮಳೆಗಾಲ ಬರೆಯುತ್ತಿದ್ದೆವು. ನದಿ ಕಡಲು ಸೇರುವ ಅಳಿವೆಬಾಗಿಲಿಗೆ ಕಲ್ಲಿನ ಬ್ರೇಕ್‌ವಾಟರ್ ಕಟ್ಟಿದಾಗ ದಂಡೆಯುದ್ದಕ್ಕೂ ಮರಳಿನ ಸಹಜವಾದ ಓಡಾಟ ತಡೆಯುತ್ತದೆ. ಒಂದು ಬದಿಯಲ್ಲಿ ಮರಳು ರಾಶಿ ಬೀಳುತ್ತದೆ, ಇನ್ನೊಂದು ಬದಿಯ ದಂಡೆ ಹೊಸ ಮರಳು ಸಿಗದೆ ಸವೆಯುತ್ತದೆ. ಇದನ್ನು ಹೇಳಲು ನಾಲ್ಕು ವಾಕ್ಯ ಬೇಕು, ಕಡಲಿಗೆ ಬಾಯಿ ಕೊಟ್ಟರೆ ಒಂದೇ ಪದ ಸಾಕು. ಹಾಗೆಂದು ಕಡಲನ್ನು ವ್ಯಕ್ತಿಯೆಂದು ಕಾಣುವುದೇ ತಪ್ಪೆನ್ನಲು ನನ್ನ ನಾಲಗೆ ಏಳುವುದಿಲ್ಲ. ಮಲ್ಪೆಯಲ್ಲಿ ನೂಲ ಹುಣ್ಣಿಮೆಯ ದಿನ ಮೀನುಗಾರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅಲ್ಲಿಯೂ ಕಡಲು ವ್ಯಕ್ತಿಯೇ, ತಾಯಿಯೇ. ಆದರೆ ಆ ತಾಯಿಯ ಜೊತೆಗೆ ಕೊಡುವ, ಪಡೆಯುವ ಲೆಕ್ಕವಿದೆ. ಮಳೆಗಾಲದಲ್ಲಿ ಬಲೆ ಹಾಕದೆ ಬಿಡುವುದು 61 ದಿನಗಳ ಸರಕಾರಿ ನಿಷೇಧ ಬರುವುದಕ್ಕಿಂತ ಎಷ್ಟೋ ಹಿಂದಿನ ಕಟ್ಟು. ತಾಯಿ ಮುನಿದಳೆಂದರೆ ಮಕ್ಕಳು ಏನೋ ತಪ್ಪಿದ್ದಾರೆಂದು ಅರ್ಥ, ಅಂದರೆ ಅಲ್ಲಿ 'ಯಾರು' ಎಂದು ಕೇಳಬಹುದು. ಪತ್ರಿಕೆಯ ಕಡಲು ರಾಕ್ಷಸ; ರಾಕ್ಷಸ ಹಸಿದರೆ ಯಾರದೂ ತಪ್ಪಿಲ್ಲ.

ವ್ಯಂಗ್ಯದ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ರಸ್ತೆಯ ಗುಂಡಿಗೆ ಬಾಳೆಗಿಡ ನೆಟ್ಟು ಪ್ರತಿಭಟಿಸುವುದು ನಮ್ಮ ಜಿಲ್ಲೆಗಳಲ್ಲಿ ರೂಢಿ. ಬಾಯಲ್ಲಿ ಹೇಳದೆ ಕೈಯಲ್ಲಿ ಮಾಡಿ ತೋರಿಸಿದ ವ್ಯಾಜಸ್ತುತಿ, ಹೊಗಳುವ ನೆಪದ ತೆಗಳಿಕೆ, ಅದು: ಎಷ್ಟು ಫಲವತ್ತಾದ ರಸ್ತೆ! ನಾವು ಫೋಟೋ ಹಾಕುತ್ತಿದ್ದೆವು, ಓದಿದವರು ನಗುತ್ತಿದ್ದರು. ನಗು ಬಂದಾಗ ಸಿಟ್ಟು ಅರ್ಧ ಇಳಿದಿರುತ್ತದೆ ಎಂಬುದು ಗುಂಡಿಯ ಯಜಮಾನರಿಗೆ ಗೊತ್ತಿದ್ದ ಹಾಗಿತ್ತು. ಬಾಳೆ ಗೊನೆ ಹಾಕಿದ ಉದಾಹರಣೆಯೂ ಇದ್ದಿರಬಹುದೇನೋ.

ನೆಂಟರು ಬಂದ ಹಾಗೆ

ಇನ್ನು 2020ರ ಆ ಬೆಳಗ್ಗೆ. ರಾತ್ರಿಯಿಡೀ ಸುರಿದ ಮಳೆಗೆ ಸುವರ್ಣಾ ನದಿ ಉಕ್ಕಿತ್ತು; ಉಡುಪಿ ಪೇಟೆಯಲ್ಲಿ ಕಲ್ಸಂಕ, ಬೈಲಕೆರೆ, ಗುಂಡಿಬೈಲುಗಳ ಕಡೆಯೂ ನೀರು ತುಂಬಿತ್ತು. ಆ ಹೆಸರುಗಳನ್ನು ಇಟ್ಟ ಹಿರಿಯರು ಅಲಂಕಾರ ಮಾಡಲು ಹೋಗಿರಲಿಲ್ಲ. ಕಲ್ಲಿನ ಸಂಕ, ಅಂದರೆ ಸೇತುವೆ, ಇದ್ದಲ್ಲಿ ಕಲ್ಸಂಕ, ಗುಂಡಿಯಾಗಿದ್ದ ಬೈಲಿಗೆ ಗುಂಡಿಬೈಲು. ಇಲ್ಲಿ ನೀರು ಬರುತ್ತದೆ ಎಂದು ನಾಮಪದದಲ್ಲಿಯೇ ಬರೆದಿಟ್ಟು ಹೋಗಿದ್ದರು. ಈಗ ಬೈಲು ತುಂಬಿಸಿ ಕಟ್ಟಿದ ಬಡಾವಣೆಗಳಿಗೆ ಹೂವಿನದೋ ಬೆಟ್ಟದ್ದೋ ಹೆಸರಿಡುತ್ತಾರೆ. ಹೆಸರನ್ನು ಎಷ್ಟು ಎತ್ತರದ್ದಿಟ್ಟರೂ ನೀರು ಹಳೆಯ ವಿಳಾಸಕ್ಕೇ ಬರುತ್ತದೆ.

ನಮ್ಮ ಓಣಿಯ ಏಳು ಮನೆಯವರನ್ನು ದೋಣಿಯಲ್ಲಿ ದಾಟಿಸಿದರು. ನೀರಿಳಿದ ಮೇಲೆ ಊರ ಕಚೇರಿಗೆ ಒಂದು ಮನವಿ ಕೊಡುವುದೆಂದಾಯಿತು. ಪೇಪರಿನಲ್ಲಿದ್ದವಳು ಎಂದು ಬರೆಯುವ ಕೆಲಸ ನನಗೆ ಬಂತು. ಜಲಪ್ರಳಯವೆಂದು ಮೊದಲು ಬರೆದದ್ದನ್ನು ಹೊಡೆದುಹಾಕಿ, ತೋಡಿನ ಹಿಂದಿನ ಅಗಲವೆಷ್ಟು, ಈಗ ಎಷ್ಟು, ಮೋರಿಯ ಬಾಯಿ ಎಷ್ಟು ಕಿರಿದಾಗಿದೆ ಎಂದು ಒಂದೂವರೆ ಪುಟ ಬರೆದೆ. ಒಂದು ಅಲಂಕಾರವಿರಲಿಲ್ಲ. ನೆರೆಮನೆಯಾಕೆಗೆ ಓದಿ ಹೇಳಿದೆ. ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಓದಿಸಿದ ಹೆಂಗಸು. ಪೂರ್ತಿ ಕೇಳಿ, "ಅಕ್ಕಾ, ತೋಡಿಗೆ ಹುಷಾರಿಲ್ಲ ಅಂತ ಬರೆದ ಹಾಗೆ ಉಂಟು. ನಮಗೆ ಎಂತ ಆಯ್ತು ಅಂತ ಇಲ್ಲ" ಎಂದಳು. ನಿನಗೆ ಏನಾಯಿತು ಹೇಳು ಎಂದೆ. "ನಾನು ಮಂಚದ ಮೇಲೆ ಹತ್ತಿ ಕೂತಿದ್ದೆ. ಅಡುಗೆ ಕೋಣೆಯಿಂದ ಅಕ್ಕಿಯ ಡಬ್ಬ ಬಂತು, ಮತ್ತೆ ಮಣೆ ಬಂತು, ಮತ್ತೆ ಬೀಡಿಯ ಎಲೆ ಹಾಕುವ ತಡ್ಪೆ. ಮದುವೆಗೆ ನೆಂಟರು ಬಂದ ಹಾಗೆ ಒಂದೊಂದೇ ಒಳಗೆ ಬಂದವು. ಕೂತ್ಕೊಳ್ಳಿ ಅಂತ ಹೇಳುವುದೊಂದು ಬಾಕಿ."

ಹೇಳಿ ಅವಳು ನಕ್ಕಳು, ನನಗೆ ನಗಲಾಗಲಿಲ್ಲ. ಅಷ್ಟು ವರ್ಷಗಳಲ್ಲಿ ಕಾಲಂಗಟ್ಟಲೆ ನೆರೆಯ ಸುದ್ದಿ ತಿದ್ದಿದವಳಿಗೆ ನೀರು ಮನೆಗೆ ಹೇಗೆ ಬರುತ್ತದೆಂದು ಕಂಡದ್ದು ಆಗ. ಅಬ್ಬರಿಸಿಕೊಂಡು ಬರುವುದಿಲ್ಲ, ಸಾವಕಾಶವಾಗಿ, ಮನೆಯವರದೇ ಸಾಮಾನುಗಳನ್ನು ಅತಿಥಿಗಳನ್ನಾಗಿ ಮಾಡಿಕೊಂಡು ಬರುತ್ತದೆ. ಮಂಚದ ಮೇಲೆ ಕುಳಿತವಳು ಆತಿಥೇಯಳಾಗಿ ಸುಮ್ಮನೆ ನೋಡುತ್ತಿರಬೇಕಾಗುತ್ತದೆ. ಅವಳ ಮಾತನ್ನು ಅವಳ ಶಬ್ದಗಳಲ್ಲಿಯೇ ಮನವಿಯ ಮೊದಲ ಪ್ಯಾರಾದಲ್ಲಿ ಇಟ್ಟೆ, ಅಳತೆಗಳು ಕೆಳಗೆ ಹೋದವು.

ಕಚೇರಿಯಲ್ಲಿ ಗುಮಾಸ್ತರು ಮನವಿಯನ್ನು ನಿಂತುಕೊಂಡೇ ಓದತೊಡಗಿದವರು, ಎರಡನೆಯ ಸಾಲಿಗೆ ಬರುವಾಗ ಕುಳಿತುಕೊಂಡರು. ಪೂರ್ತಿ ಓದಿದರು. ಆಮೇಲೆ ಎರಡನೆಯ ಪುಟಕ್ಕೆ ಬೆರಳಿಟ್ಟು, "ಇಲ್ಲಿ 'ತೋಡಿನ ಎಡಬದಿ ಮುಚ್ಚಿಹೋಗಿರುತ್ತದೆ' ಅಂತ ಬರೆದಿದ್ದೀರಲ್ಲ ಮೇಡಂ, ಅದು ತನ್ನಷ್ಟಕ್ಕೇ ಮುಚ್ಚಿಹೋದದ್ದಾ?" ಎಂದು ಕೇಳಿದರು.

ಕುಹಕದಿಂದ ಕೇಳಿದ್ದಲ್ಲ. ಹೆಸರಿಲ್ಲದಿದ್ದರೆ ನೋಟಿಸು ಯಾರಿಗೆ ಕೊಡುವುದು ಎಂಬ ಸಾದಾ ಪ್ರಶ್ನೆ. ತೋಡಿನ ಎಡಬದಿಯಲ್ಲಿ ಎರಡು ಅಡಿ ಒಳಗೆ ಬಂದು ಕಾಂಪೌಂಡು ಗೋಡೆ ಎಬ್ಬಿಸಿದವರು ನಮ್ಮ ಓಣಿಯವರೇ. ಅಂದು ಬೆಳಗ್ಗೆ ಎಲ್ಲಿಂದಲೋ ದೋಣಿ ತಂದು, ಸೊಂಟದ ತನಕ ನೀರಿನಲ್ಲಿ ನಿಂತು, ನೆರೆಮನೆಯಾಕೆಯನ್ನೂ ನನ್ನನ್ನೂ ಕೈಹಿಡಿದು ಹತ್ತಿಸಿದವನು ಅವರ ಮಗ. ಗುಮಾಸ್ತರು ಮೇಜಿನ ಮೇಲಿದ್ದ ಪೆನ್ನನ್ನು ನನ್ನ ಕಡೆಗೆ ಸರಿಸಿದರು. ನೆರೆಮನೆಯಾಕೆ ಕಿಟಕಿಯ ಬಳಿಗೆ ಹೋಗಿ, ಮಳೆ ಬಿಟ್ಟಿತೋ ಎಂದು ನೋಡತೊಡಗಿದಳು.